ದ್ಬಾಯೆ ಗುಡ್ಡದ ನಿರಾಶ್ರಿತರು

ಪ್ಯಾಲೆಸ್ತೀನಿ ನಿರಾಶ್ರಿತರಲ್ಲಿ ಕ್ರೈಸ್ತರೂ ಇರುವರೆಂಬುದು ನಮ್ಮ ಅನೇಕ ಕುಟುಂಬಗಳಿಗೆ ಹೊಸ ಸಂಗತಿಯಾದೀತು. ಲೆಬನಾನಿನ ರಾಜಧಾನಿ ಬೈರೂತಿನಿಂದ ಸುಮಾರು 12 ಕಿ.ಮೀ. ದೂರದಲ್ಲಿ, ತ್ರಿಪೋಲಿ ಹೆದ್ದಾರಿಯ ಮೇಲಣ ಗುಡ್ಡದಲ್ಲಿ ದ್ಬಾಯೆ ಎಂಬ ಶಿಬಿರವಿದೆ. 1948ರ ಯುದ್ಧದಲ್ಲಿ ಅಲ್‌ಬಸ್ಸ ಮೊದಲಾದ ಗಲಿಲೇಯದ ಊರುಗಳನ್ನು ತೊರೆದು ಬಂದ ಕ್ರೈಸ್ತರಿಗಾಗಿ 1956ರಲ್ಲಿ ಮ್ಯಾರೊನೈಟ್ ಮಠವೊಂದರ ಭೂಮಿಯಲ್ಲಿ ಅದು ಸ್ಥಾಪನೆಯಾಯಿತು. ಪ್ರಭು ಯೇಸು ಬೋಧಿಸುತ್ತ ನಡೆದಾಡಿದ ಗಲಿಲೇಯವೇ ಅದು.

ಶಿಬಿರವೆಂದೊಡನೆ ನಾವು ಗುಡಾರಗಳನ್ನು ಕಲ್ಪಿಸಿಕೊಳ್ಳುತ್ತೇವೆ. ಅಲ್ಲಿ ಗುಡಾರಗಳಿಲ್ಲ, ಒತ್ತೊತ್ತಾಗಿ ನಿಂತ ಸಿಮೆಂಟಿನ ಸಣ್ಣ ಮನೆಗಳಿವೆ. ಮನೆಯಲ್ಲಿ ವಾಸಿಸುವ ಹಕ್ಕಿದೆ, ಅದರ ಕೆಳಗಿನ ನೆಲದ ಒಡೆತನವಿಲ್ಲ. ಹೊರಗೆ ನಿವೇಶನ ಕೊಳ್ಳೋಣವೆಂದರೆ 2001ರ ಕಾಯಿದೆಯು ಪ್ಯಾಲೆಸ್ತೀನಿಯರಿಗೆ ಸ್ಥಿರಾಸ್ತಿಯನ್ನು ನಿಷೇಧಿಸಿದೆ. ವೈದ್ಯ, ವಕೀಲ, ಇಂಜಿನಿಯರ್ ವೃತ್ತಿಗಳೂ ಅವರಿಗೆ ಮುಚ್ಚಿವೆ. 2010ರ ತಿದ್ದುಪಡಿಯು ಈ ಬಾಗಿಲುಗಳನ್ನು ತೆರೆಯಲಿಲ್ಲ. ಮಗನನ್ನು ಓದಿಸಿದ ತಂದೆ ಕೊನೆಗೆ ಅವನನ್ನು ದಿನಗೂಲಿಗೆ ಕಳುಹಿಸುವುದಾದರೆ, ಆ ಮನೆಯಲ್ಲಿ ಶಾಲೆಯ ಕುರಿತು ಯಾವ ಮಾತು ನಡೆದೀತು? ಬಡತನ ಬೇರೆ, ನಿಷೇಧ ಬೇರೆ. ಬಡವನು ದುಡಿದು ಮೇಲೆ ಬರುವ ಆಸೆಯನ್ನಾದರೂ ಇಟ್ಟುಕೊಳ್ಳಬಲ್ಲ.

ಬೈರೂತಿನ ಬುರ್ಜ್ ಅಲ್‌ಬರಾಜ್ನೆ ಶಿಬಿರದ ಸ್ಥಿತಿ ಇನ್ನೂ ಕಠಿಣ. ಶಿಬಿರದ ಎಲ್ಲೆ ವಿಸ್ತರಿಸದ್ದರಿಂದ ಮನೆಯ ಮೇಲೆ ಮನೆ ಏರಿದೆ. ಓಣಿಗಳಿಗೆ ಬಿಸಿಲು ಇಳಿಯದು. ತಲೆಯ ಮೇಲೆ ವಿದ್ಯುತ್ ತಂತಿಗಳೂ ನೀರಿನ ಕೊಳವೆಗಳೂ ಹೆಣೆದುಕೊಂಡಿದ್ದು, ಆಘಾತದಿಂದ ಸತ್ತವರಿದ್ದಾರೆ.

ಕ್ರೈಸ್ತರಾದುದರಿಂದ ದ್ಬಾಯೆಯವರಿಗೆ ರಕ್ಷಣೆ ದೊರೆಯಿತೆಂದು ಯಾರೂ ತಿಳಿಯಬಾರದು. 1950ರ ದಶಕದಲ್ಲಿ ಅನೇಕ ಕ್ರೈಸ್ತ ನಿರಾಶ್ರಿತರು ಲೆಬನಾನಿನ ಪೌರತ್ವ ಪಡೆದರು. ಶಿಬಿರದಲ್ಲಿ ಉಳಿದವರು ಬಹುತೇಕ ಹಣವೂ ವಶೀಲಿಯೂ ಇಲ್ಲದವರು. ಅಂತರ್ಯುದ್ಧದಲ್ಲಿ, 1976ರ ಜನವರಿಯಲ್ಲಿ, ಈ ಶಿಬಿರವನ್ನು ಆಕ್ರಮಿಸಿದ್ದು ಕ್ರೈಸ್ತ ಸೇನಾಪಡೆಗಳೇ. ಇದನ್ನು ಬರೆಯುವಾಗ ನಮಗೆ ಸಂಕೋಚವಾಗುತ್ತದೆ, ಆದರೆ ಮುಚ್ಚಿಡಲಾಗದು. ಯುದ್ಧದ ಕೊನೆಯ ಹೊತ್ತಿಗೆ ಮನೆಗಳಲ್ಲಿ ಸುಮಾರು ಕಾಲುಭಾಗ ನಾಶವಾಗಿದ್ದವು ಅಥವಾ ತೀವ್ರ ಹಾನಿಗೊಂಡಿದ್ದವು. ನೂರಕ್ಕೂ ಮಿಕ್ಕಿ ಕುಟುಂಬಗಳು ಮತ್ತೊಮ್ಮೆ ನಿರಾಶ್ರಿತವಾದವು.

2019ರಿಂದ ಲೆಬನಾನಿನ ನಾಣ್ಯ ಕುಸಿದು ದಿನಗೂಲಿಯ ಬೆಲೆಯೂ ಕರಗಿತು. ನಿರಾಶ್ರಿತರಿಗೆ ಶಾಲೆ, ಔಷಧಗಳನ್ನು ಒದಗಿಸುವ ವಿಶ್ವಸಂಸ್ಥೆಯ ಉನ್ರ್ವಾ ಸಂಸ್ಥೆಗೆ 2024ರ ಜನವರಿಯಲ್ಲಿ ಹಲವು ದೇಶಗಳು ನೆರವನ್ನು ತಡೆಹಿಡಿದವು.

ಅಲ್‌ಬಸ್ಸ ಇದ್ದಲ್ಲಿ ಈಗ ಶ್ಲೋಮಿ ಎಂಬ ಇಸ್ರೇಲಿ ಪಟ್ಟಣವಿದೆ. ಹಳೆಯ ದೇವಾಲಯದ ಕಟ್ಟಡ ಇನ್ನೂ ನಿಂತಿದೆ. ಅದು ಲೆಬನಾನಿನ ಗಡಿಗೆ ತೀರ ಸಮೀಪ. ದ್ಬಾಯೆಯಿಂದ ಅರ್ಧ ದಿನದ ದಾರಿಯೂ ಅಲ್ಲ. ಆದರೆ ಆ ಗಡಿ ಅವರಿಗೆ ಮುಚ್ಚಿದೆ.