ಕೈ ಕುಲುಕದ ಈಸ್ಟರ್

2003ರ ಏಪ್ರಿಲ್‌ನಲ್ಲಿ ಟೊರಾಂಟೋದ ಕ್ಯಾಥೊಲಿಕ್ ಚರ್ಚುಗಳಿಗೆ ಒಂದು ಅಪರೂಪದ ಸೂಚನೆ ಬಂತು. ಸಾರ್ಸ್ ಹರಡುತ್ತಿದ್ದುದರಿಂದ ಗುಡ್ ಫ್ರೈಡೇಯಂದು ಶಿಲುಬೆಗೆ ಮುತ್ತಿಡಬಾರದು, ಬಲಿಪೂಜೆಯಲ್ಲಿ ಅಕ್ಕಪಕ್ಕದವರ ಕೈ ಕುಲುಕಬಾರದು. ವೈದ್ಯನಾಗಿ ಹೇಳುವುದಾದರೆ ಅದು ಸರಿಯಾದ ಕ್ರಮವೇ. ಆ ರೋಗ ಕೆನಡಾದಲ್ಲಿ 44 ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ರೋಗಿಗಳ ಶುಶ್ರೂಷೆ ಮಾಡಿದ ದಾದಿಯರೂ ಇದ್ದರು.

ಆದರೆ ಆ ಕೈಕುಲುಕು ಬರಿಯ ಉಪಚಾರವಲ್ಲ. ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತವನಿಗೆ ಸಹೋದರನ ಮುನಿಸು ನೆನಪಾದರೆ, ಮೊದಲು ಹೋಗಿ ಅವನೊಡನೆ ಸಂಧಾನ ಮಾಡಿಕೊಳ್ಳಬೇಕೆಂದು ಯೇಸು ಬೋಧಿಸಿದ. ಪರಮಪ್ರಸಾದ ಸ್ವೀಕರಿಸುವ ಮುನ್ನ ಒಬ್ಬರಿಗೊಬ್ಬರು ಶಾಂತಿ ಕೋರುವುದರ ಹಿಂದೆ ಈ ಮಾತಿದೆ. ದೇವರ ಕ್ಷಮೆ ಬೇಡಲು ಬಂದವನು ಪಕ್ಕದಲ್ಲಿ ಕುಳಿತವನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆಸ್ತಿ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ (ನಮ್ಮಲ್ಲಿ ಅಂಥವರಿಗೇನು ಕೊರತೆ!) ಇದು ಉಪವಾಸಕ್ಕಿಂತ ಕಷ್ಟ.

ಅದೇ ವಸಂತದಲ್ಲಿ ಟೊರಾಂಟೋದ ಚೈನಾಟೌನ್ ಹೋಟೆಲುಗಳು ಗಿರಾಕಿಗಳಿಲ್ಲದೆ ಬಣಗುಟ್ಟಿದವು. ಸೋಂಕಿಗೆ ಹೆದರುವುದು ಬೇರೆ, ಒಂದು ಜನಾಂಗವನ್ನೇ ದೂರ ಇಡುವುದು ಬೇರೆ. ಭಾನುವಾರ ಚರ್ಚಿನಲ್ಲಿ ಕೋರಿದ ಶಾಂತಿ ಸೋಮವಾರ ಆ ಬೀದಿಯವರೆಗೆ ಹೋಯಿತೇ?

ನಮ್ಮೂರ ಕಡೆಯ ಚರ್ಚುಗಳಲ್ಲಿ ಶಾಂತಿ ಕೋರುವಾಗ ಪಕ್ಕದವರತ್ತ ತಿರುಗಿ ಕೈ ಮುಗಿಯುವ ಪದ್ಧತಿಯಿದೆ. ಭಾರತದ ಪೂಜಾವಿಧಿಗೆ 1969ರಲ್ಲಿ ರೋಮ್ ಒಪ್ಪಿದ 12 ಮಾರ್ಪಾಡುಗಳಲ್ಲಿ ಈ ಅಂಜಲಿಯೂ ಸೇರಿತ್ತು. 2020ರಲ್ಲಿ ಕೋವಿಡ್ ಬಂದು ಇಲ್ಲಿ ಕೈಕುಲುಕು ಮತ್ತೆ ನಿಂತಾಗ ನಮ್ಮವರು ಹೊಸದಾಗಿ ಕಲಿಯಬೇಕಾದುದೇನೂ ಇರಲಿಲ್ಲ.