ಕಟಕಟೆಯಲ್ಲಿ ಜೀವವಿಕಾಸ

2005ರ ಅಕ್ಟೋಬರ್‌ನಲ್ಲಿ ಅಮೆರಿಕದ ಹ್ಯಾರಿಸ್‌ಬರ್ಗ್ ನ್ಯಾಯಾಲಯದಲ್ಲಿ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ ಪಾಟೀಸವಾಲು ಎದುರಿಸುತ್ತಿದ್ದರು. ನಮ್ಮ ರೋಗನಿರೋಧಕ ವ್ಯವಸ್ಥೆಯಷ್ಟು ಜಟಿಲವಾದದ್ದು ವಿಕಾಸದಿಂದ ಹೇಗೆ ಬಂತೆಂಬುದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ, ಅದರ ಹಿಂದೆ ಬುದ್ಧಿವಂತ ವಿನ್ಯಾಸಕನೊಬ್ಬ ಇರಲೇಬೇಕು ಎಂಬುದು ಅವರ ವಾದ. ಎದುರು ಪಕ್ಷದ ವಕೀಲರು ಅದೇ ವ್ಯವಸ್ಥೆಯ ವಿಕಾಸ ಕುರಿತ 58 ಸಂಶೋಧನಾ ಪ್ರಬಂಧ, 9 ಪುಸ್ತಕ, ಜೊತೆಗೆ ಪಠ್ಯಪುಸ್ತಕಗಳ ಅಧ್ಯಾಯಗಳನ್ನು ತಂದು ಅವರ ಮುಂದೆ ಪೇರಿಸಿದರು. ಇಷ್ಟು ಸಾಲದು ಎಂದರು ಬೀಹಿ. ವಿನ್ಯಾಸವಾದದ ಕಡೆಗೇನಿತ್ತು? ಯಾವುದೇ ಜೀವವ್ಯವಸ್ಥೆ ವಿನ್ಯಾಸಗೊಂಡದ್ದು ಹೇಗೆಂದು ಪ್ರಯೋಗ, ಲೆಕ್ಕಾಚಾರಗಳ ಸಮೇತ ವಿವರಿಸುವ, ತಜ್ಞರ ಪರಿಶೀಲನೆ ದಾಟಿದ ಒಂದು ಪ್ರಬಂಧವೂ ಇಲ್ಲವೆಂದು ಅವರೇ ಒಪ್ಪಿಕೊಂಡರು.

ಒಂದು ಕಡೆ ರಾಶಿ ಹಾಕಿದರೂ ಸಾಲದು, ಇನ್ನೊಂದು ಕಡೆ ಸೊನ್ನೆಯಿದ್ದರೂ ನಡೆಯುತ್ತದೆ. ಕೊಳ್ಳಲು ಒಂದು ಸೇರು, ಮಾರಲು ಇನ್ನೊಂದು ಸೇರು ಇಟ್ಟುಕೊಂಡ ವ್ಯಾಪಾರ ಇದು. ಮನುಷ್ಯನಿಗೂ ಚಿಂಪಾಂಜಿಗೂ ಪೂರ್ವಜರು ಒಂದೇ ಎಂಬುದನ್ನು ಬೀಹಿ ಒಪ್ಪುತ್ತಾರೆ, ಅಲ್ಲಿ ಸಾಕಾಗುವ ವಿಕಾಸದ ಪುರಾವೆ ಇಲ್ಲಿ ಮಾತ್ರ ಸಾಲದು ಎಂದಾಗಲಂತೂ ಈ ಇಬ್ಬಗೆ ಇನ್ನಷ್ಟು ಎದ್ದು ಕಾಣುತ್ತದೆ.

ಮೊಕದ್ದಮೆ ಹುಟ್ಟಿದ್ದು ಡೋವರ್ ಎಂಬ ಊರಿನಲ್ಲಿ. ಡಾರ್ವಿನ್ ಸಿದ್ಧಾಂತದಲ್ಲಿ ಕೊರತೆಗಳಿವೆ, ವಿನ್ಯಾಸವಾದವೂ ಇದೆ ಎಂಬ ಹೇಳಿಕೆಯನ್ನು 9ನೇ ತರಗತಿಯ ಮಕ್ಕಳಿಗೆ ಓದಿ ಹೇಳಬೇಕೆಂದು ಅಲ್ಲಿನ ಶಾಲಾ ಮಂಡಳಿ 2004ರಲ್ಲಿ ತೀರ್ಮಾನಿಸಿತು. 11 ಪೋಷಕರು ಕೋರ್ಟ್ ಮೆಟ್ಟಿಲೇರಿದರು.

ಅವರ ಪರ ಮೊದಲು ಸಾಕ್ಷಿ ನುಡಿದವರು ಜೀವವಿಜ್ಞಾನಿ ಕೆನೆತ್ ಮಿಲ್ಲರ್. ಅವರು ಮುಂದಿಟ್ಟ ವಾದ ಇದು. ಚಿಂಪಾಂಜಿ, ಗೊರಿಲ್ಲಾಗಳಲ್ಲಿ 48 ವರ್ಣತಂತುಗಳಿವೆ, ನಮ್ಮಲ್ಲಿ 46. ಮೂಲ ಒಂದೇ ಆಗಿದ್ದರೆ ಒಂದು ಜೋಡಿ ಎಲ್ಲಿ ಹೋಯಿತು? ಅಷ್ಟೊಂದು ವಂಶವಾಹಿಗಳು ಕಳೆದುಹೋಗಿದ್ದರೆ ಜೀವವೇ ಉಳಿಯುತ್ತಿರಲಿಲ್ಲ. ಹಾಗಾದರೆ ಎರಡು ವರ್ಣತಂತುಗಳು ಬೆಸೆದುಕೊಂಡಿರಬೇಕು, ಬೆಸುಗೆಯ ಗುರುತೂ ಸಿಗಬೇಕು. ಸಿಗದಿದ್ದರೆ ಸಿದ್ಧಾಂತ ಪೇಚಿಗೆ ಸಿಲುಕುತ್ತಿತ್ತು. ಗುರುತು ಸಿಕ್ಕಿತು. ಸಾಮಾನ್ಯವಾಗಿ ವರ್ಣತಂತುವಿನ ತುದಿಗಳಲ್ಲಿ ಮತ್ತೆಮತ್ತೆ ಬರುವ ಟಿಟಿಎಜಿಜಿಜಿ ಎಂಬ ಅಕ್ಷರಗುಚ್ಛ ನಮ್ಮ 2ನೇ ವರ್ಣತಂತುವಿನ ಒಳಭಾಗದಲ್ಲಿ, ತುದಿಗೆ ತುದಿ ಕೂಡಿಸಿದಂತೆ ಎದುರುಬದುರಾಗಿ ಕೂತಿದೆ. ಕೆಲಸ ನಿಲ್ಲಿಸಿದ ಎರಡನೆಯ ಸೆಂಟ್ರೊಮಿಯರ್‌ನ (ವರ್ಣತಂತುವಿಗೆ ಸಾಮಾನ್ಯವಾಗಿ ಒಂದೇ ಇರುವ ಗಂಟಿನಂಥ ಭಾಗದ) ಅವಶೇಷವೂ ಅದೇ ವರ್ಣತಂತುವಿನಲ್ಲಿದೆ. ತಪ್ಪೆಂದು ತೋರಿಸಲು ದಾರಿ ಬಿಟ್ಟುಕೊಟ್ಟು, ಆ ಪರೀಕ್ಷೆಯಲ್ಲಿ ಗೆದ್ದು ಬಂದ ಪುರಾವೆ ಇದು. ಇದಕ್ಕಿರುವ ತೂಕವೇ ಬೇರೆ.

ಈ ಮಿಲ್ಲರ್ ಶ್ರದ್ಧಾವಂತ ಕ್ಯಾಥೊಲಿಕ್. ಅವರ ನಿಲುವಿನಲ್ಲಿ ನನಗೆ ವಿರೋಧಾಭಾಸ ಕಾಣುವುದಿಲ್ಲ. ದೇವರ ಮೇಲಿನ ನಂಬಿಕೆಯನ್ನು ಅವರು ಪ್ರಯೋಗಾಲಯದ ತೀರ್ಮಾನವೆಂದು ಮಂಡಿಸಲಿಲ್ಲ. ನಾಸ್ತಿಕರಿಗೂ ಇದೇ ನಿಯಮ ಅನ್ವಯಿಸಬೇಕು. 2ನೇ ವರ್ಣತಂತು ನಮ್ಮ ವಾನರ ನಂಟನ್ನು ತೋರಿಸುತ್ತದೆ. ಅದರಿಂದಲೇ ದೇವರಿಲ್ಲವೆಂದು ಸಾಧಿಸಹೊರಟವರು, ಯಾವ ಗುರುತು ಸಿಕ್ಕಿದ್ದರೆ ತಮ್ಮ ವಾದ ಬಿದ್ದುಹೋಗುತ್ತಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ.

2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ಕೊಟ್ಟರು. ವಿನ್ಯಾಸವಾದ ವಿಜ್ಞಾನವಲ್ಲ ಎಂದರು. ಜೀವವಿಕಾಸ ಸಿದ್ಧಾಂತ ಸೃಷ್ಟಿಕರ್ತನನ್ನು ಅಲ್ಲಗಳೆಯುವುದಿಲ್ಲವೆಂಬ ತಜ್ಞರ ಸಾಕ್ಷ್ಯವನ್ನೂ ಅದೇ ತೀರ್ಪಿನಲ್ಲಿ ದಾಖಲಿಸಿದರು.