ನಡುಹೊಳೆಯಲ್ಲಿ ಅಂಬಿಗನನ್ನು ಬದಲಿಸಿದಾಗ

2017ರ ಫೆಬ್ರುವರಿ 27ರ ರಾತ್ರಿ. ಇಂಗ್ಲೆಂಡಿನ ಲೆಸ್ಟರ್ ನಗರದ ಕಿಂಗ್ ಪವರ್ ಕ್ರೀಡಾಂಗಣದಲ್ಲಿ ಲೆಸ್ಟರ್ ಸಿಟಿ ಮತ್ತು ಲಿವರ್‌ಪೂಲ್ ಫುಟ್‌ಬಾಲ್ ತಂಡಗಳ ನಡುವೆ ಪಂದ್ಯ ನಡೆಯುತ್ತಿತ್ತು. ಆ ವರ್ಷ ಲೀಗ್ ಪಂದ್ಯಗಳಲ್ಲಿ ಅದುವರೆಗೆ ಒಂದೇ ಒಂದು ಗೋಲು ಗಳಿಸದಿದ್ದ ಲೆಸ್ಟರ್, ಅಂದು ಒಂದು ಗಂಟೆಯ ಆಟದಲ್ಲಿ ಮೂರು ಗೋಲು ಹೊಡೆದು ಮುಂದಿತ್ತು. ಗಡಿಯಾರ 65ನೇ ನಿಮಿಷ ತೋರಿಸಿದಾಗ ಪ್ರೇಕ್ಷಕರು ತಮ್ಮ ಮೊಬೈಲ್ ಫೋನುಗಳ ದೀಪ ಬೆಳಗಿಸಿ ಎತ್ತಿ ಹಿಡಿದರು. ನಾಲ್ಕು ದಿನಗಳ ಹಿಂದಷ್ಟೇ ಕ್ಲಬ್ ವಜಾ ಮಾಡಿದ್ದ 65 ವರ್ಷದ ಮ್ಯಾನೇಜರ್, ಇಟಲಿಯ ಕ್ಲಾಡಿಯೊ ರಾನಿಯೇರಿ ಅವರಿಗೆ ಅವರು ಸಲ್ಲಿಸಿದ ಗೌರವ ಅದು. ಅವರಿಲ್ಲದೆ ದೊರೆಯುತ್ತಿದ್ದ ಗೆಲುವನ್ನು ಸಂಭ್ರಮಿಸುತ್ತಲೇ ಅವರಿಗಾಗಿ ದೀಪ ಹಿಡಿದ ಆ ಜನರ ಮನಸ್ಸಿನಲ್ಲಿ ಏನಿತ್ತು? ಕ್ಲಬ್ ಮಾಡಿದ್ದು ಸರಿಯೆಂದು ಅವರು ಭಾವಿಸಿದ್ದರೋ, ತಪ್ಪೆಂದೋ? ಎರಡನ್ನೂ ಏಕಕಾಲದಲ್ಲಿ ಭಾವಿಸಿದ್ದವರೇ ಹೆಚ್ಚೆಂದು ತೋರುತ್ತದೆ.

ರಾನಿಯೇರಿ ಆ ಊರಿಗೆ ಏನಾಗಿದ್ದರು ಎಂಬುದನ್ನು ಅರಿಯದೆ ಈ ಚರ್ಚೆಯ ತೀವ್ರತೆ ಅರ್ಥವಾಗದು. ಲೆಸ್ಟರ್ ಒಂದು ಕಾಲಕ್ಕೆ ಕಾಲುಚೀಲ ಮತ್ತು ಪಾದರಕ್ಷೆ ಕಾರ್ಖಾನೆಗಳಿಗೆ ಹೆಸರಾಗಿದ್ದ ನಗರ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಹೊರದಬ್ಬಿದ ಭಾರತೀಯ ಮೂಲದವರಲ್ಲಿ ಅನೇಕರು ನೆಲೆ ಕಂಡುಕೊಂಡದ್ದು ಇಲ್ಲಿಯೇ. 1884ರಲ್ಲಿ ಹುಟ್ಟಿದ ಅಲ್ಲಿನ ಫುಟ್‌ಬಾಲ್ ಕ್ಲಬ್ 132 ವರ್ಷಗಳಲ್ಲಿ ಒಮ್ಮೆಯೂ ದೇಶದ ಅಗ್ರ ಲೀಗ್ ಗೆದ್ದಿರಲಿಲ್ಲ. 2015–16ರ ಋತುವಿನ ಆರಂಭದಲ್ಲಿ ಅದು ಚಾಂಪಿಯನ್ ಆಗುವುದೆಂದು ಬಾಜಿ ಕಟ್ಟಿದವರಿಗೆ ಒಂದಕ್ಕೆ 5000 ಪಟ್ಟು ಕೊಡಲು ಬುಕ್ಕಿಗಳು ಸಿದ್ಧರಿದ್ದರು. ಅಂಥ ತಂಡ 81 ಪಾಯಿಂಟ್ಸ್ ಗಳಿಸಿ, ಎರಡನೇ ಸ್ಥಾನದ ಆರ್ಸೆನಲ್‌ಗಿಂತ ಹತ್ತು ಪಾಯಿಂಟ್ಸ್ ಮುಂದೆ ನಿಂತು ಪ್ರೀಮಿಯರ್ ಲೀಗ್ ಗೆದ್ದಿತು. ಎದುರಾಳಿಗೆ ಗೋಲು ಬಿಟ್ಟುಕೊಡದಿದ್ದರೆ ಪಿಜ್ಜಾ ಕೊಡಿಸುತ್ತೇನೆಂದು ಆಟಗಾರರಿಗೆ ಆಸೆ ಹುಟ್ಟಿಸಿದ್ದ, ಹುಸಿಗೋಪ ಮತ್ತು ನಗೆಮಾತಿನ ಆ ಹಿರಿಯ ವ್ಯಕ್ತಿ ಊರಿಗೆ ಊರೇ ಹೆಮ್ಮೆಪಡುವ ಅತಿಥಿಯಾದರು.

ಇಂಗ್ಲೆಂಡಿನಲ್ಲಿ ಮ್ಯಾನೇಜರ್ ಎಂದರೆ ಬರಿಯ ಕಚೇರಿ ಅಧಿಕಾರಿಯಲ್ಲ. ತಂಡವನ್ನು ಆರಿಸುವವರು, ತರಬೇತಿ ಕೊಡುವವರು, ಪಂದ್ಯದ ತಂತ್ರ ಹೂಡುವವರು ಅವರೇ. ಗೆಲುವಿನ ಶ್ರೇಯಸ್ಸು ಅವರಿಗೆ ಸಲ್ಲುವುದಾದರೆ ಸೋಲಿನ ಹೊಣೆಯೂ ಅವರದೇ ಎಂಬುದು ಅಲ್ಲಿನ ರೂಢಿ. ಮರುವರ್ಷದ ಕತೆಯನ್ನು ಆ ರೂಢಿಯೇ ನಿರ್ಧರಿಸಿತು. ತಂಡದ ಬೆನ್ನೆಲುಬಾಗಿದ್ದ ಎನ್‌ಗೊಲೊ ಕಾಂಟೆ ಸುಮಾರು 3 ಕೋಟಿ ಪೌಂಡ್‌ಗಳಿಗೆ ಚೆಲ್ಸಿ ಪಾಲಾದರು. ಆ ಋತುವಿನ ಪ್ರಶಸ್ತಿ ಚೆಲ್ಸಿಯ ಪಾಲಾಯಿತು. ಲೆಸ್ಟರ್ ಕುಸಿಯುತ್ತ ಹೋಯಿತು. 2016ರ ಆಗಸ್ಟ್‌ನಲ್ಲಿ ರಾನಿಯೇರಿ ಅವರೊಂದಿಗೆ ಕ್ಲಬ್ ನಾಲ್ಕು ವರ್ಷಗಳ ಹೊಸ ಒಪ್ಪಂದ ಮಾಡಿಕೊಂಡಿತ್ತು. 2017ರ ಜನವರಿ 9ರಂದು ಫಿಫಾ ಅವರನ್ನು ಜಗತ್ತಿನ ಶ್ರೇಷ್ಠ ತರಬೇತುದಾರರೆಂದು ಗೌರವಿಸಿತು. ಫೆಬ್ರುವರಿ 7ರಂದು ಕ್ಲಬ್ ಅವರಿಗೆ ತನ್ನ ಅಚಲ ಬೆಂಬಲವಿದೆಯೆಂದು ಬಹಿರಂಗವಾಗಿ ಸಾರಿತು. ಫೆಬ್ರುವರಿ 23ರಂದು, ಚಾಂಪಿಯನ್ಸ್ ಲೀಗ್‌ನಲ್ಲಿ ಸ್ಪೇನಿನ ಸೆವಿಯಾ ತಂಡಕ್ಕೆ 1–2ರಿಂದ ಸೋತು ಬಂದ ಮರುದಿನ, ಅವರನ್ನು ಮನೆಗೆ ಕಳುಹಿಸಿತು.

ಅಂದಿನ ಅಂಕಪಟ್ಟಿ ನಿರ್ದಯವಾಗಿತ್ತು. 25 ಪಂದ್ಯಗಳಿಂದ ಕೇವಲ 21 ಪಾಯಿಂಟ್ಸ್, ಲೀಗ್‌ನಲ್ಲಿ ಸತತ ಐದು ಸೋಲು, 20 ತಂಡಗಳಲ್ಲಿ 17ನೇ ಸ್ಥಾನ. ಕೊನೆಯ ಮೂರು ತಂಡಗಳು ಕೆಳದರ್ಜೆಗೆ ಇಳಿಯುತ್ತವೆ. ಆ ಗೆರೆಗೂ ಲೆಸ್ಟರ್‌ಗೂ ನಡುವೆ ಇದ್ದದ್ದು ಒಂದೇ ಪಾಯಿಂಟ್. 1938ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ನಂತರ ಹಾಲಿ ಚಾಂಪಿಯನ್ ತಂಡವೊಂದು ಕೆಳದರ್ಜೆಗೆ ಜಾರಿದ ನಿದರ್ಶನವಿರಲಿಲ್ಲ.

ಅಭಿಮಾನಿಗಳು ಎರಡು ಪಾಳೆಯವಾದರು. ಒಂದು ಪಾಳೆಯದ ವಾದ ಲೆಕ್ಕಾಚಾರದ್ದು. 2016ರಿಂದ ಮೂರು ವರ್ಷಗಳಿಗೆ ಪ್ರೀಮಿಯರ್ ಲೀಗ್ ಬ್ರಿಟನ್ನಿನಲ್ಲೇ 500 ಕೋಟಿ ಪೌಂಡ್‌ಗಳಿಗೂ ಮಿಕ್ಕಿದ ಟಿ.ವಿ. ಹಕ್ಕುಗಳನ್ನು ಮಾರಿತ್ತು. ಅಲ್ಲಿಂದ ಕೆಳಗಿಳಿದರೆ ಆದಾಯ ಪಾತಾಳ ಕಾಣುತ್ತದೆ. ಒಳ್ಳೆಯ ಆಟಗಾರರು ಬೇರೆ ಕ್ಲಬ್‌ಗಳ ದಾರಿ ಹಿಡಿಯುತ್ತಾರೆ. ಟಿಕೆಟ್ ಕಿಟಕಿಯಲ್ಲಿ ಕೂತವರು, ಹುಲ್ಲುಹಾಸು ನೋಡಿಕೊಳ್ಳುವವರು ಕೆಲಸ ಕಳೆದುಕೊಳ್ಳುವ ಭಯದಲ್ಲಿ ದಿನ ದೂಡಬೇಕಾಗುತ್ತದೆ. ಒಬ್ಬ ವ್ಯಕ್ತಿಯ ಮೇಲಿನ ಪ್ರೀತಿಗಾಗಿ ಸಂಸ್ಥೆಯನ್ನೇ ಪಣಕ್ಕಿಡಬಹುದೇ? ಕ್ಲಬ್‌ನ ಥಾಯ್ಲೆಂಡಿನ ಮಾಲೀಕರು ಕೊಟ್ಟ ವಿವರಣೆಯ ಸಾರವೂ ಇದೇ ಆಗಿತ್ತು: ವೈಯಕ್ತಿಕ ಭಾವನೆಗಿಂತ ಕ್ಲಬ್‌ನ ದೀರ್ಘಕಾಲದ ಹಿತ ದೊಡ್ಡದು.

ಇನ್ನೊಂದು ಪಾಳೆಯ ಮುಂದಿಟ್ಟದ್ದು ಬೇರೆಯೇ ಪ್ರಶ್ನೆಯನ್ನು. ಕೊಡಬಹುದಾದುದರಲ್ಲಿ ಅತಿ ದೊಡ್ಡದನ್ನು ಕೊಟ್ಟವನಿಗೆ ಇನ್ನು 13 ಪಂದ್ಯಗಳ ಅವಕಾಶವನ್ನಾದರೂ ಕೊಡಲಾಗದ ಸಂಸ್ಥೆಯನ್ನು ಏಕೆ ಪ್ರೀತಿಸಬೇಕು? ಅವರ ಬಳಿ ಇತಿಹಾಸದ ಆಧಾರವೂ ಇತ್ತು. 2014–15ರಲ್ಲಿ ಇದೇ ಲೆಸ್ಟರ್ ಕ್ರಿಸ್‌ಮಸ್ ವೇಳೆಗೆ ಪಟ್ಟಿಯ ತಳದಲ್ಲಿತ್ತು. ಅಂದಿನ ಮ್ಯಾನೇಜರ್ ನೈಜೆಲ್ ಪಿಯರ್‌ಸನ್ ಅವರನ್ನು ಕ್ಲಬ್ ಉಳಿಸಿಕೊಂಡಿತು. ತಂಡ ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು ಪಾರಾಯಿತು. ಆ ತಾಳ್ಮೆ ಇಲ್ಲದಿದ್ದರೆ ಮರುವರ್ಷದ ಪವಾಡವೂ ಇರುತ್ತಿರಲಿಲ್ಲ. ಹಿರಿಯ ಆಟಗಾರರು ಮಾಲೀಕರ ಬಳಿ ದೂರು ಒಯ್ದರೆಂಬ ವದಂತಿ ಈ ಪಾಳೆಯದ ಕೋಪಕ್ಕೆ ತುಪ್ಪ ಸುರಿಯಿತು. ಸ್ಟ್ರೈಕರ್ ಜೇಮಿ ವಾರ್ಡಿ ಅದನ್ನು ಖಂಡತುಂಡವಾಗಿ ನಿರಾಕರಿಸಿದರು. ಆದರೂ ಲಿವರ್‌ಪೂಲ್ ವಿರುದ್ಧ ಆಟಗಾರರು ಓಡಿದ ರಭಸ ಕಂಡು, ಹಿಂದಿನ ಎರಡು ತಿಂಗಳು ಈ ಕಾಲುಗಳು ಎಲ್ಲಿದ್ದವು ಎಂದು ಕೇಳಿದವರು ಕಡಿಮೆಯಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಲ್ಲಿದೆ. ಕೃತಘ್ನತೆಯನ್ನು ಹಳಿಯುವಾಗ ನಾವು ಅದನ್ನು ಬಳಸುತ್ತೇವೆ. ಲೆಸ್ಟರ್ ಪ್ರಕರಣ ಅಷ್ಟು ಸರಳವಲ್ಲ. ಹಿಂದಿನ ಹೊಳೆ ದಾಟಿಸಿದ ಅಂಬಿಗನೇ ಈಗ ಇನ್ನೊಂದು ಹೊಳೆಯ ನಡುವೆ ಹುಟ್ಟು ಹಿಡಿದು ಕೂತಿದ್ದಾನೆ, ದೋಣಿಗೆ ನೀರು ನುಗ್ಗುತ್ತಿದೆ. ಆಗ ಏನು ಮಾಡಬೇಕೆಂಬುದಕ್ಕೆ ಆ ಗಾದೆಯಲ್ಲಿ ಉತ್ತರವಿಲ್ಲ.

ಉತ್ತರವನ್ನು ಫಲಿತಾಂಶ ಕೊಟ್ಟಿತೆಂದು ಅನೇಕರು ನಂಬಿದರು. ಸಹಾಯಕರಾಗಿದ್ದ ಕ್ರೇಗ್ ಶೇಕ್ಸ್‌ಪಿಯರ್ ಅವರ ಕೈಗೆ ಹೊಣೆ ಬಂದಿತು. ತಂಡ ಲಿವರ್‌ಪೂಲ್ ಅನ್ನು 3–1ರಿಂದ ಸೋಲಿಸಿ, ಮೊದಲ ಐದು ಲೀಗ್ ಪಂದ್ಯಗಳನ್ನೂ ಗೆದ್ದಿತು. ಸೆವಿಯಾವನ್ನು ಮಣಿಸಿ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್‌ಫೈನಲ್ ತಲುಪಿತು. 44 ಪಾಯಿಂಟ್ಸ್‌ಗಳೊಂದಿಗೆ 12ನೇ ಸ್ಥಾನದಲ್ಲಿ ಋತು ಮುಗಿಸಿತು. ವಜಾ ಮಾಡಿದ್ದು ಸರಿಯೆಂದವರಿಗೆ ಇದಕ್ಕಿಂತ ಸಾಕ್ಷ್ಯ ಬೇಕಿರಲಿಲ್ಲ.

ಆದರೆ ಈ ಸಾಕ್ಷ್ಯ ಕಾಣುವಷ್ಟು ಗಟ್ಟಿಯಲ್ಲ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ 1986ರಿಂದ 2004ರವರೆಗಿನ ನೆದರ್ಲೆಂಡ್ಸ್ ಲೀಗ್ ಅನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮ್ಯಾನೇಜರ್ ಬದಲಾದ ಬಳಿಕ ಸೋಲುತ್ತಿದ್ದ ತಂಡಗಳು ಚೇತರಿಸಿಕೊಂಡದ್ದು ನಿಜ. ಆದರೆ ಅಷ್ಟೇ ಕುಸಿದಿದ್ದೂ ಮ್ಯಾನೇಜರನ್ನು ಉಳಿಸಿಕೊಂಡ ತಂಡಗಳೂ ಹಾಗೆಯೇ ಚೇತರಿಸಿಕೊಂಡಿದ್ದವು. ತನ್ನ ಶಕ್ತಿಗಿಂತ ಕೆಳಗೆ ಆಡುತ್ತಿರುವ ತಂಡ ಕೆಲಕಾಲದ ನಂತರ ತನ್ನ ಸಹಜ ಮಟ್ಟಕ್ಕೆ ಮರಳುವುದೇ ಹೆಚ್ಚು. ಜ್ವರ ಇಳಿಯುವ ಹೊತ್ತಿಗೆ ಕೊಟ್ಟ ಮದ್ದಿಗೆ ಯಶಸ್ಸು ಸಲ್ಲುವಂತೆ ಇದು. ಇನ್ನೊಂದು ಮಾತು: ಐದು ಪಂದ್ಯ ಸತತವಾಗಿ ಗೆಲ್ಲಿಸಿದ ಶೇಕ್ಸ್‌ಪಿಯರ್ ಅವರನ್ನೂ ಕ್ಲಬ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ವಜಾ ಮಾಡಿತು.

ಹಾಗಾದರೆ ತಾಳ್ಮೆಯೇ ಸರಿಯಾದ ದಾರಿಯೇ? ಅದೇ ಊರು, ಅದೇ ಕ್ಲಬ್ ಅದಕ್ಕೂ ವಿರುದ್ಧ ಸಾಕ್ಷ್ಯ ಒದಗಿಸುತ್ತದೆ. ಬ್ರೆಂಡನ್ ರಾಜರ್ಸ್ ಅವರ ಕಾಲದಲ್ಲಿ ಲೆಸ್ಟರ್ ಎರಡು ಋತುಗಳಲ್ಲಿ ಸತತವಾಗಿ ಐದನೇ ಸ್ಥಾನ ಗಳಿಸಿತು. 2021ರ ಮೇ ತಿಂಗಳಲ್ಲಿ ಚೆಲ್ಸಿಯನ್ನು ಸೋಲಿಸಿ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಎಫ್‌.ಎ. ಕಪ್ ಗೆದ್ದಿತು. 2022–23ರಲ್ಲಿ ತಂಡ ಕುಸಿದಾಗ ಕ್ಲಬ್ ಕಾದು ನೋಡಿತು. ಕೇವಲ ಹತ್ತು ಪಂದ್ಯಗಳು ಉಳಿದಿದ್ದಾಗ, 2023ರ ಏಪ್ರಿಲ್‌ನಲ್ಲಿ ರಾಜರ್ಸ್ ನಿರ್ಗಮಿಸಿದರು. ಲೆಸ್ಟರ್ 18ನೇ ಸ್ಥಾನ ಪಡೆದು ಕೆಳದರ್ಜೆಗೆ ಇಳಿಯಿತು. ಪಾರಾದ ಎವರ್ಟನ್‌ಗೂ ಅದಕ್ಕೂ ಇದ್ದ ಅಂತರ ಎರಡೇ ಪಾಯಿಂಟ್ಸ್. ಈ ಬಾರಿ ಅಭಿಮಾನಿಗಳಿಂದ ಬಂದ ದೂರು ತದ್ವಿರುದ್ಧ: ಇಷ್ಟು ತಡ ಮಾಡಿದ್ದೇಕೆ?

ಈ ತರ್ಕ ಬೆಂಗಳೂರಿಗೂ ಹೊಸದಲ್ಲ. 2018–19ರಲ್ಲಿ ಬೆಂಗಳೂರು ಎಫ್‌ಸಿಗೆ ಅದರ ಮೊದಲ ಐಎಸ್‌ಎಲ್ ಪ್ರಶಸ್ತಿ ತಂದುಕೊಟ್ಟ ಸ್ಪೇನಿನ ಕೋಚ್ ಕಾರ್ಲೆಸ್ ಕ್ವಾದ್ರಾತ್ ಅವರನ್ನು, ಸತತ ಮೂರು ಸೋಲುಗಳ ಬೆನ್ನಿಗೆ, 2021ರ ಜನವರಿಯಲ್ಲಿ ಕ್ಲಬ್ ಬೀಳ್ಕೊಟ್ಟಿತು. ಕೊರೊನಾ ಕಾರಣ ಆ ಋತುವಿನ ಪಂದ್ಯಗಳೆಲ್ಲ ಗೋವಾದಲ್ಲಿ ಪ್ರೇಕ್ಷಕರಿಲ್ಲದೆ ನಡೆದವು. ಕಂಠೀರವ ಕ್ರೀಡಾಂಗಣದಲ್ಲಿ ಅವರ ಹೆಸರು ಕೂಗಿದ್ದ ಅಭಿಮಾನಿಗಳಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿ ಕಳುಹಿಸುವ ಅವಕಾಶವೂ ಸಿಗಲಿಲ್ಲ. ಇಲ್ಲಿ ಚೇತರಿಕೆಯ ಪವಾಡವೇನೂ ಘಟಿಸಲಿಲ್ಲ. ತಂಡ ಏಳನೇ ಸ್ಥಾನಕ್ಕೆ ತೃಪ್ತಿಪಟ್ಟು, ಮೊದಲ ಬಾರಿಗೆ ಪ್ಲೇಆಫ್‌ನಿಂದ ಹೊರಗುಳಿಯಿತು.

ಹೀಗೆ ಉದಾಹರಣೆಗಳು ಎರಡೂ ಕಡೆ ಸಿಗುತ್ತವೆ. ಫಲಿತಾಂಶ ನೋಡಿ ತೀರ್ಪು ಕೊಡುವವರು ಮುಂದಿನ ಋತುವಿನಲ್ಲಿ ತಮ್ಮ ತೀರ್ಪನ್ನೇ ತಿದ್ದಿಕೊಳ್ಳಬೇಕಾಗುತ್ತದೆ. ಅಭಿಮಾನಿಗಳ ವಾದ ಮುಗಿಯದಿರಲು ಇದೊಂದೇ ಕಾರಣವಲ್ಲ. ಅವರು ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುತ್ತಿಲ್ಲ, ಎರಡು ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದಾರೆ. ಕ್ಲಬ್‌ಗೆ ಈಗ ಏನು ಬೇಕು ಎಂಬುದು ಒಂದು. ಕ್ಲಬ್ ಯಾರಿಗೆ ಏನನ್ನು ಸಲ್ಲಿಸಬೇಕಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮಾಲೀಕ ಉತ್ತರ ಹೇಳಬೇಕು. ಎರಡನೆಯದನ್ನು ಕೇಳುವವನು ಅಭಿಮಾನಿಯೊಬ್ಬನೇ. ಅವನಿಗೆ ಷೇರಿಲ್ಲ, ಮತದಾನದ ಹಕ್ಕಿಲ್ಲ. ಕೈಯಲ್ಲಿರುವುದು ಟಿಕೆಟ್ ಮತ್ತು ಗಂಟಲು. ಆದರೂ ಮಾಲೀಕ ಬದಲಾದರೂ, ಆಟಗಾರ ಮಾರಾಟವಾದರೂ, ಉಳಿಯುವವನು ಅವನೇ. ಕ್ಲಬ್‌ನ ನೆನಪು ಇರುವುದು ಅವನಲ್ಲಿ.

ನನ್ನ ಮಟ್ಟಿಗೆ, 2017ರ ಆ ನಿರ್ಧಾರವನ್ನು ಸಮರ್ಥಿಸಬಹುದು. ಅದನ್ನು ಕೈಗೊಂಡ ರೀತಿಯನ್ನು ಸಮರ್ಥಿಸಲಾಗದು. ಕೃತಜ್ಞತೆಯೆಂದರೆ ಕುರ್ಚಿಯನ್ನು ಶಾಶ್ವತವಾಗಿ ಬರೆದುಕೊಡುವುದಲ್ಲ. ಅಂಥ ಸಾಲವನ್ನು ರಾನಿಯೇರಿ ಕೂಡ ಕೇಳಲಿಲ್ಲ. ಆದರೆ ಅಚಲ ಬೆಂಬಲವಿದೆಯೆಂದು ಲೋಕಕ್ಕೆ ಸಾರಿ ಹದಿನಾರನೇ ದಿನಕ್ಕೆ ಮನೆಗೆ ಕಳುಹಿಸುವುದು, ಊರಿನವರೆದುರು ನಿಂತು ವಿದಾಯ ಹೇಳುವ ಒಂದು ಸಂಜೆಯನ್ನೂ ಕೊಡದಿರುವುದು ಬರಿಯ ಲೆಕ್ಕಾಚಾರ ಎನಿಸಿಕೊಳ್ಳುವುದಿಲ್ಲ. ಆ ಸಂಜೆಗೆ ಕ್ಲಬ್ ಒಂದು ಪಾಯಿಂಟನ್ನೂ ತೆರಬೇಕಿರಲಿಲ್ಲ. ನಮ್ಮ ಕಚೇರಿ, ಬ್ಯಾಂಕು, ಕಾಲೇಜುಗಳಲ್ಲೂ ಹಳಬರನ್ನು ಬದಲಿಸಬೇಕಾದ ದಿನ ಬಂದೇ ಬರುತ್ತದೆ. ಬದಲಿಸುವುದು ಅನಿವಾರ್ಯವಾದಾಗಲೂ ಬೀಳ್ಕೊಡುವ ಬಗೆ ನಮ್ಮ ಕೈಯಲ್ಲೇ ಇರುತ್ತದೆ.

ಕ್ಲಬ್ ಉಳಿಸಿಕೊಂಡ ಆ ಬಾಕಿಯನ್ನು ಅಭಿಮಾನಿಗಳು ತೀರಿಸಿದರು. 2021ರ ನವೆಂಬರ್‌ನಲ್ಲಿ ರಾನಿಯೇರಿ ಎದುರಾಳಿ ವಾಟ್‌ಫರ್ಡ್ ತಂಡದ ಮ್ಯಾನೇಜರ್ ಆಗಿ ಅದೇ ಕ್ರೀಡಾಂಗಣಕ್ಕೆ ಬಂದರು. ಹಿಮ ಬೀಳುತ್ತಿದ್ದ ಆ ಮಧ್ಯಾಹ್ನ ಲೆಸ್ಟರ್‌ನ ಜನ ಚಪ್ಪಾಳೆ ತಟ್ಟಿ ಅವರನ್ನು ಬರಮಾಡಿಕೊಂಡರು. ಬಳಿಕ ತಮ್ಮ ತಂಡ ಅವರ ತಂಡವನ್ನು 4–2ರಿಂದ ಸೋಲಿಸಿದ್ದಕ್ಕೂ ಅಷ್ಟೇ ಸಂತೋಷಪಟ್ಟರು.